ಕಂದೀಲು ಅನ್ನೋ ಮಾತು ಎಲ್ಲಿಂದ ಬಂತು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ, ಕಂದೀಲು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ, ಮೈಸೂರು ಮಂಡ್ಯ ಕಡೆಯವರಿಗೆ ಲಾಟೀನು ಅಥವಾ ಲಾಂದ್ರ ಅಂದ್ರೆ ಬೇಗ ತಿಳಿಯುತ್ತೆ. ಅದೇ, ಮೇಲೊಂದು ಹಿಡಿ, ನಡುವೆ ಗಾಜು, ಕೆಳಗೆ ಸೀಮೆಎಣ್ಣೆ ಹಾಕೋ ತಗಡಿನ ಬುಡ, ಪಕ್ಕದಲ್ಲಿ ಬತ್ತಿ ಏರಿಸೋ ಇಳಿಸೋ ಸಣ್ಣ ತಿರುಗಣೆ. ನಮ್ಮ ಮನೇಲಿ ತಂದೆ ಕಡೆಯವರು ಕಂದೀಲು ಅನ್ನೋರು, ತಾಯಿ ಕಡೆಯವರು ಲಾಟೀನು ಅನ್ನೋರು, ಆದ್ರೆ ಎರಡೂ ಕಡೆ ಬೆಳಕು ಮಾತ್ರ ಒಂದೇ ಥರ ಹಳದಿ.

ಈ ಪದದ ಬಗ್ಗೆ ಮಾತಾಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಕಂದೀಲು ಅಂದ ಕೂಡಲೇ ಅದು ನಮ್ಮದಲ್ಲ, ಹೊರಗಿಂದ ಬಂದಿದ್ದು, ದೀಪ ಅಂತ ಹೇಳಿ ಸಾಕು ಅನ್ನೋರು ಸುಮಾರು ಜನ ಸಿಗ್ತಾರೆ. ಹೊರಗಿಂದ ಬಂದಿದ್ದು ಅನ್ನೋದು ನಿಜ, ಹಾಗೆ ನೋಡಿದ್ರೆ ದೀಪ ಕೂಡ ಸಂಸ್ಕೃತದಿಂದ ಬಂದಿದ್ದೇ. ಆದ್ರೆ ಕಂದೀಲು ಎಷ್ಟು ದೂರದಿಂದ ಬಂತು, ದಾರೀಲಿ ಯಾರ್ಯಾರ ಮನೇಲಿ ಉಳಕೊಂಡು ಬಂತು, ಅದಕ್ಕೆ ನಮ್ಮಲ್ಲೇ ಯಾರು ನೆಂಟರಿದ್ದಾರೆ ಅಂತ ನೋಡಿದ್ರೆ, ಅದನ್ನ ಪರಕೀಯ ಅಂತ ಹೊರಗೆ ನಿಲ್ಲಿಸೋಕೆ ನನಗಂತೂ ಮನಸ್ಸು ಬರಲ್ಲ.

ಶುರು ಮಾಡಬೇಕಾಗಿರೋದು ರೋಮ್‌ನಿಂದ. ಲ್ಯಾಟಿನ್ ಭಾಷೇಲಿ ಕಂದೇರೆ ಅಂತ ಒಂದು ಕ್ರಿಯಾಪದ ಇತ್ತು, ಹೊಳೆಯೋದು, ಬೆಳ್ಳಗೆ ಉರಿಯೋದು ಅಂತ ಅರ್ಥ. ಅದರಿಂದ ಕಂದೇಲ, ಅಂದ್ರೆ ಕೊಬ್ಬಿನಿಂದಲೋ ಮೇಣದಿಂದಲೋ ಮಾಡಿದ ಬತ್ತಿ. ಅದೇ ಬೇರಿಂದ ಕಂದಿದುಸ್, ಬೆಳ್ಳಗೆ ಹೊಳೆಯುವಂಥದ್ದು. ರೋಮ್‌ನಲ್ಲಿ ಸರ್ಕಾರಿ ಪದವಿಗೆ ಚುನಾವಣೆಗೆ ನಿಲ್ಲೋನು ಸೀಮೆಸುಣ್ಣದಂಥ ಪುಡಿ ಹಚ್ಚಿ ಇನ್ನಷ್ಟು ಬೆಳ್ಳಗೆ ಮಾಡಿದ ಬಟ್ಟೆ ಉಟ್ಟು ಜನರ ಮುಂದೆ ಓಡಾಡ್ತಿದ್ದ, ಹಾಗಾಗಿ ಅವನಿಗೆ ಕಂದಿದಾತುಸ್ ಅಂತ ಹೆಸರು, ಬಿಳಿ ಉಟ್ಟವನು ಅಂತ. ನಾವು ಎಲೆಕ್ಷನ್ ಟೈಮಲ್ಲಿ ಕ್ಯಾಂಡಿಡೇಟು ಕ್ಯಾಂಡಿಡೇಟು ಅಂತೀವಲ್ಲ ಅದು ಇದೇ. ಅಂದ್ರೆ ಕಂದೀಲಿಗೂ ಕ್ಯಾಂಡಿಡೇಟಿಗೂ ಬೇರು ಒಂದೇ, ಮತ್ತೆ ನಮ್ಮ ಕಡೆ ಇವತ್ತಿಗೂ ಅಭ್ಯರ್ಥಿಗಳು ಬಿಳಿ ಬಟ್ಟೇನೇ ಹಾಕ್ಕೊಳೋದು.

ಕಂದೇಲ ಅನ್ನೋ ಲ್ಯಾಟಿನ್ ಪದ ಎರಡು ದಾರಿ ಹಿಡೀತು. ಒಂದು ಪಶ್ಚಿಮಕ್ಕೆ, ಚರ್ಚಿನ ಜೊತೆ ಇಂಗ್ಲೆಂಡಿಗೆ ಹೋಗಿ ಕ್ಯಾಂಡಲ್ ಆಯ್ತು, ಫ್ರಾನ್ಸಿನಲ್ಲಿ ಕಕಾರ ಶಕಾರ ಆಗಿ ಶಾಂಡ್ಲಿಯರ್ ಅನ್ನೋದು ಹುಟ್ಟಿತು. ಮದುವೆ ಹಾಲಿನ ಚಾವಣಿಗೆ ನೇತುಬಿಡ್ತಾರಲ್ಲ ಗಾಜಿನ ಗೊಂಚಲು, ಆ ಶಾಂಡ್ಲಿಯರ್. ಇನ್ನೊಂದು ದಾರಿ ಪೂರ್ವಕ್ಕೆ. ಗ್ರೀಕರು ಅದನ್ನ ಕಂದೇಲ ಅಂತಲೇ ಇಟ್ಕೊಂಡ್ರು, ಇವತ್ತಿಗೂ ಗ್ರೀಕ್ ಕ್ರೈಸ್ತರ ಮನೆಗಳಲ್ಲಿ ದೇವರ ಪಟದ ಮುಂದೆ ಉರಿಯೋ ಎಣ್ಣೆ ದೀಪಕ್ಕೆ ಕಂದೀಲಿ ಅಂತಾರೆ. ನೋಡಿ, ಎಷ್ಟು ಹತ್ತಿರ ಬಂತು! ಅಲ್ಲಿಂದ ಅರಬ್ಬಿಗೆ ಹೋಗಿ ಕಂದೀಲ್ ಆಯ್ತು. ಈಜಿಪ್ಟು ಸಿರಿಯಾದ ಮಸೀದಿಗಳಲ್ಲಿ ಸರಪಳಿಯಿಂದ ನೇತುಹಾಕ್ತಿದ್ದ ಗಾಜಿನ ದೀಪಗಳಿವೆ, ಮಾಮ್ಲೂಕ್ ಸುಲ್ತಾನರ ಕಾಲದವು, 14ನೇ ಶತಮಾನದವು, ಗಾಜಿನ ಮೇಲೆ ಬಣ್ಣದ ಅಕ್ಷರ ಬರೆದು ಸುಟ್ಟಿರೋವು, ಇವತ್ತು ಲೋಕದ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಇಟ್ಟಿದ್ದಾರೆ, ಅವೆಲ್ಲ ಕಂದೀಲುಗಳೇ. ಅರಬ್ಬರು ಸಮುದ್ರದಲ್ಲಿ ತೇಲೋ ಲೋಳೆಮೀನಿಗೂ, ಅಂದ್ರೆ ಜೆಲ್ಲಿಫಿಶ್‌ಗೂ, ಕಂದೀಲ್ ಅಲ್-ಬಹರ್ ಅಂತಾರೆ, ಸಮುದ್ರದ ಕಂದೀಲು ಅಂತ. ಆ ಹೆಸರಿಟ್ಟವರ ಕಣ್ಣು ಎಷ್ಟು ಚೆನ್ನಾಗಿತ್ತು ಅನ್ಸುತ್ತೆ ನನಗೆ.

ತುರ್ಕಿಯಲ್ಲಿ ವರ್ಷಕ್ಕೆ ಐದು ಪವಿತ್ರ ರಾತ್ರಿಗಳಿಗೆ ಕಂದೀಲ್ ಅಂತಲೇ ಹೆಸರು, 16ನೇ ಶತಮಾನದಲ್ಲಿ ಎರಡನೇ ಸಲೀಂ ಸುಲ್ತಾನನ ಕಾಲದಲ್ಲಿ ಆ ರಾತ್ರಿಗಳಂದು ಮಿನಾರುಗಳಿಗೆ ದೀಪ ಹಚ್ಚಿಸಿದ್ದರಿಂದ ಬಂದ ಹೆಸರು ಅದು. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಅರಬ್ಬರು ಸ್ಪೇನ್ ಆಳಿದ್ರಲ್ಲ, ಆಗ ಅವರ ಕಂದೀಲ್ ಸ್ಪ್ಯಾನಿಷ್‌ಗೆ ಹೋಗಿ ಕಂದೀಲ್ ಅಂತಲೇ ಉಳಕೊಳ್ತು, ಎಣ್ಣೆ ದೀಪಕ್ಕೆ. ಸ್ಪ್ಯಾನಿಷ್ ಅಂದ್ರೆ ಲ್ಯಾಟಿನ್ನಿನ ಮಗಳು, ಅದರ ಹತ್ರ ತಾಯಿ ಕೊಟ್ಟ ಕಂದೇಲ ಮೊದಲೇ ಇತ್ತು. ಅಂದ್ರೆ ಮನೆ ಬಿಟ್ಟು ಹೋದ ಪದ ಗ್ರೀಸು, ಅರೇಬಿಯಾ, ಉತ್ತರ ಆಫ್ರಿಕಾ ಎಲ್ಲ ಸುತ್ತಿ ವಾಪಸ್ ಅದೇ ಮನೆಗೆ ಬಂದು ಅಕ್ಕನ ಪಕ್ಕದಲ್ಲೇ ಕೂತ್ಕೊಳ್ತು.

ನಮ್ಮ ಕಡೆಗೆ ಹೇಗೆ ಬಂತು ಅಂದ್ರೆ ಅರಬ್ಬಿಯಿಂದ ಪಾರ್ಸಿಗೆ, ಅಲ್ಲಿಂದ ದಖನ್ನಿಗೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿ ಆಯ್ತು, ಆಮೇಲೆ ಬೀದರ್, ಆಮೇಲೆ 1490ರಿಂದ 1686ರ ತನಕ ವಿಜಯಪುರದ ಆದಿಲಶಾಹಿಗಳು. ಇಷ್ಟು ಕಾಲ ದರ್ಬಾರಿನಲ್ಲಿ ಪಾರ್ಸಿ, ಬೀದೀಲಿ ದಖನಿ, ಪಕ್ಕದಲ್ಲಿ ಮರಾಠಿ, ಹೊಲದಲ್ಲಿ ಕನ್ನಡ ಎಲ್ಲ ಒಟ್ಟಿಗೆ ಬದುಕಿದ್ವು, ಹಾಗಾಗಿ ಕಾಗದ, ದವಾಖಾನೆ, ದರ್ಖಾಸ್ತು ಎಲ್ಲ ಬಂದ ಹಾಗೆ ಕಂದೀಲೂ ಬಂತು, ಕೊನೆಗೆ ನಮ್ಮ ನಾಲಿಗೆಗೆ ಬೇಕಾದ ಉಕಾರ ಒಂದನ್ನ ಅಂಟಿಸ್ಕೊಳ್ತು ಅಷ್ಟೆ. ಪಾರ್ಸಿಯಲ್ಲಿ ದೀಪಕ್ಕೆ ಚಿರಾಗ್ ಅಂತ ಇನ್ನೊಂದು ಪದ ಇದೆ. ಕಲಬುರಗಿಯ ಖಾಜಾ ಬಂದೇ ನವಾಜರ ಉರುಸಿನಲ್ಲಿ ದೀಪಗಳ ದಿನಕ್ಕೆ ಆ ಪದದಿಂದಲೇ ಹೆಸರು, ಅವರ ಗುರುಗಳಿಗೆ ಇದ್ದ ಬಿರುದೇ ಚಿರಾಗ್-ಎ-ದಿಲ್ಲಿ, ದಿಲ್ಲಿಯ ದೀಪ ಅಂತ.

ಈಗ ನೆಂಟರ ವಿಷಯಕ್ಕೆ ಬರ್ತೀನಿ, ನಾನು ಈ ಪದದ ಹಿಂದೆ ಬೀಳೋಕೆ ಕಾರಣವೇ ಇದು. ಕಂದೀಲಿನ ಬೇರು ಕಂದ್, ಹೊಳೆಯೋದು ಅಂತ ಅಂದೆ. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಭಾಷಾ ಕುಟುಂಬದವು, ಹಾಗಾದ್ರೆ ಆ ಬೇರು ಸಂಸ್ಕೃತದಲ್ಲಿ ಏನಾಗಿರಬೇಕು? ಚಂದ್ರ ಆಗಿದೆ! ಚಂದ್ರ ಅಂದ್ರೆ ಮೂಲದಲ್ಲಿ ಹೊಳೆಯುವಂಥದ್ದು ಅಂತ, ಋಗ್ವೇದದಲ್ಲಿ ಚಂದ್ರ ಅನ್ನೋದು ಹೊಳೆಯೋ ವಸ್ತುವಿಗೆ, ಚಿನ್ನಕ್ಕೂ ಬರುತ್ತೆ, ಆಕಾಶದ ಚಂದ್ರನಿಗೇ ಅಂತ ನಿಂತಿದ್ದು ಆಮೇಲೆ. ಕಕಾರ ಎಲ್ಲಿ, ಚಕಾರ ಎಲ್ಲಿ ಅಂತ ಕೇಳಬಹುದು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅವರಿಗೆ ಚೆರುವು, ನಮ್ಮ ಕೈ ಅವರಿಗೆ ಚೇಯಿ. ಕುಟುಂಬ ಬೇರೆ, ಕಾಲ ಬೇರೆ, ಆದ್ರೆ ಕಕಾರ ಚಕಾರ ಆಗೋದು ನಾಲಿಗೆಗೆ ಸಹಜವಾದ ದಾರಿ ಅನ್ನೋದು ಅನಂತಪುರ ಬಳ್ಳಾರಿ ಗಡೀಲಿ ಬೆಳೆದ ಮಕ್ಕಳಿಗೂ ಗೊತ್ತಿರುತ್ತೆ.

ಇನ್ನೂ ಒಂದು ಸಾಕ್ಷಿ ಹೇಳ್ತೀನಿ ಕೇಳಿ. ಸತ್ಯ ಹರಿಶ್ಚಂದ್ರನ ಹೆಸರು ನಮಗೆ ಮನೆಮಾತು, 13ನೇ ಶತಮಾನದಲ್ಲಿ ರಾಘವಾಂಕ ಅವನ ಮೇಲೆ ಕಾವ್ಯನೇ ಬರೆದ. ಆದ್ರೆ ಹರಿ ಮತ್ತು ಚಂದ್ರ ಸೇರಿದ್ರೆ ಹರಿಚಂದ್ರ ಆಗಬೇಕಲ್ವಾ, ನಡುವೆ ಆ ಶಕಾರ ಎಲ್ಲಿಂದ ಬಂತು? ಸ್ಕೂಲಲ್ಲಿ ಈ ಹೆಸರನ್ನ ಹರಿಚಂದ್ರ ಅಂತ ಬರೆದು ಮೇಷ್ಟ್ರ ಹತ್ರ ಬೈಸಿಕೊಂಡವರು ಎಷ್ಟೋ ಜನ ಇರ್ತಾರೆ. ವಿಷಯ ಏನಂದ್ರೆ ಆ ಪದದ ಹಳೇ ರೂಪವೇ ಶ್ಚಂದ್ರ, ಮೊದಲಲ್ಲಿ ಆ ಶಕಾರ ಇತ್ತು, ಬಿಡಿಯಾಗಿ ಬಂದಾಗ ಅದು ಉದುರಿಹೋಯ್ತು, ಸಮಾಸದ ನಡುವೆ ಸಿಕ್ಕಿಕೊಂಡಿದ್ದು ಮಾತ್ರ ಉಳಕೊಳ್ತು. ಪಾಣಿನಿ ಇದೊಂದು ಹೆಸರಿಗೂ ಪ್ರಸ್ಕಣ್ವ ಅನ್ನೋ ಇನ್ನೊಂದು ಋಷಿ ಹೆಸರಿಗೂ ಸೇರಿಸಿ ಬೇರೆ ಸೂತ್ರನೇ ಬರೆದಿದ್ದಾನೆ. ಹರಿಶ್ಚಂದ್ರ ಅಂದ್ರೆ ಬಂಗಾರದ ಹೊಳಪಿನವನು ಅಂತ. ಅಂದ್ರೆ ಹಟ್ಟಿ ಬಾಗಿಲಲ್ಲಿ ನೇತಾಡೋ ಕಂದೀಲು, ಆಕಾಶದ ಚಂದ್ರ, ಸತ್ಯಕ್ಕಾಗಿ ಸುಡುಗಾಡು ಕಾಯ್ದ ರಾಜ ಮೂರೂ ಒಂದೇ ಮನೆತನ. ಕಂದೀಲನ್ನ ಪರಕೀಯ ಅನ್ನೋರಿಗೆ ನಾನು ಕೊಡೋ ಉತ್ತರ ಇದು.

ಹಾಗಾದ್ರೆ ನಮ್ಮ ಸ್ವಂತದ್ದು ಏನು ಅಂತ ಕೇಳಿದ್ರೆ, ಅದೂ ಬೇಕಾದಷ್ಟಿದೆ. ಹಳಗನ್ನಡದಲ್ಲಿ ದೀಪಕ್ಕೆ ಸೊಡರ್ ಅಂತಿದ್ರು, ತಮಿಳಿನಲ್ಲಿ ಸುಡರ್ ಅಂತ ಇವತ್ತಿಗೂ ಇದೆ, ಎರಡೂ ಸುಡು ಅನ್ನೋದರಿಂದ ಬಂದಿದ್ದು. ಸಂಸ್ಕೃತದ ದೀಪಿಕಾ ನಮ್ಮಲ್ಲಿ ದೀವಿಗೆ ಆಯ್ತು, ದೀಪಾವಳಿ ದೀವಳಿಗೆ ಆಯ್ತು. ಸಂಸ್ಕೃತದ ಪದಗಳು ಕನ್ನಡಕ್ಕೆ ಬಂದಾಗ ಹೇಗೆ ಮೆತ್ತಗಾಗ್ತವೆ ಅಂತ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಹಣತೆ ಮರಾಠಿಯಲ್ಲಿ ಪಣತಿ, ನಮ್ಮ ಪಾಲು ಹಾಲಾದ ಹಾಗೆ ಪಕಾರ ಹಕಾರ ಆಗಿದೆ. ಪಂಜು ಅನ್ನೋದಂತೂ ಬನ್ನಿಮಂಟಪದ ದಸರಾ ಪಂಜಿನ ಕವಾಯತಿನಿಂದ ಎಲ್ಲರಿಗೂ ಗೊತ್ತು.

ಆದ್ರೆ ನನಗೆ ಹೆಚ್ಚು ಬೆರಗು ಹುಟ್ಟಿಸೋದು ಬೆಳಕು ಅನ್ನೋ ಪದ. ಅದರ ಬೇರು ಬೆಳ್, ಅಂದ್ರೆ ಬಿಳಿ. ಅದರಿಂದಲೇ ಬೆಳಗು, ಬೆಳ್ಳಿ, ಬೆಳ್ಳಕ್ಕಿ, ಬೆಳ್ಳುಳ್ಳಿ, ಬಿಳಿ ಕೊಳ ಇರೋ ಊರು ಬೆಳ್ಗೊಳ, ಬಿಳಿ ತಿಂಗಳು ಬೆಳ್ದಿಂಗಳು. ಅಲ್ಲಿ ರೋಮ್‌ನಲ್ಲೂ ಅಷ್ಟೇ ಅಲ್ವಾ, ಕಂದಿದುಸ್ ಅಂದ್ರೆ ಬಿಳಿ, ಕಂದೇಲ ಅಂದ್ರೆ ಬೆಳಕು ಕೊಡೋದು. ಒಂದಕ್ಕೊಂದು ರಕ್ತಸಂಬಂಧ ಇಲ್ಲದ ಎರಡು ಭಾಷೆಗಳು, ಸಾವಿರಾರು ಮೈಲಿ ದೂರ, ಆದ್ರೂ ಬಿಳುಪನ್ನ ಬೆಳಕನ್ನ ಒಂದೇ ಬೇರಿನಿಂದ ಹೆಸರಿಟ್ಟು ಕರೆದಿವೆ. ಬೆಳದಿಂಗಳು ಅನ್ನೋ ಪದದಲ್ಲಿ ಬೆಳ್ ಕನ್ನಡದ್ದು, ತಿಂಗಳು ಕನ್ನಡದ್ದು, ಚಂದ್ರನೂ ಬಿಳುಪೂ ಅಲ್ಲಿ ತಾವಾಗೇ ಸೇರಿಕೊಂಡಿದ್ದಾರೆ.

ಇನ್ನು ಲಾಟೀನು, ಲಾಂದ್ರ. ಇವು ಲ್ಯಾಂಟರ್ನ್ ಅನ್ನೋದರಿಂದ, ಅದು ಗ್ರೀಕಿನ ಲಂಪ್ತೇರ್ ಅನ್ನೋ ಪಂಜಿನ ಹೆಸರಿನಿಂದ, ಲ್ಯಾಂಪು ಕೂಡ ಅಲ್ಲಿಂದಲೇ. ಗಾಜು ದುಬಾರಿ ಆಗಿದ್ದ ಕಾಲದಲ್ಲಿ ಯೂರೋಪಿನವರು ದನದ ಕೊಂಬನ್ನ ತೆಳ್ಳಗೆ ಸೀಳಿ ಲಾಟೀನಿಗೆ ಹಾಕ್ತಿದ್ರು, ಅದಕ್ಕೇ ಹಿಂದಿನ ಕಾಲದ ಇಂಗ್ಲಿಷಿನವರು ಆ ಪದದ ಕೊನೇಲಿ ಹಾರ್ನ್, ಅಂದ್ರೆ ಕೊಂಬು, ಅನ್ನೋ ಪದ ಇದೆ ಅಂತ ತಿಳ್ಕೊಂಡು ಸ್ಪೆಲಿಂಗನ್ನೇ ಬದಲಾಯಿಸಿಬಿಟ್ಟಿದ್ರು. ಮಲೆನಾಡಿನಲ್ಲಿ ಸೀಮೆಎಣ್ಣೆಗೆ ಹೇಳೋ ಚಿಮಣಿ ಎಣ್ಣೆ ಅನ್ನೋ ಹೆಸರೂ ಹೀಗೇ. ಚಿಮಣಿ ಅಂದ್ರೆ ಹೊಗೆ ಹೋಗೋ ಗೂಡು, ದೀಪದ ಮೇಲಿನ ಗಾಜಿನ ಕೊಳವೆಗೆ ಆ ಹೆಸರು ಬಂತು, ಆಮೇಲೆ ಗಾಜೇ ಇಲ್ಲದ ಬುಡ್ಡಿಗೂ ಚಿಮಣಿ ಅಂತ ಆಯ್ತು, ಕೊನೆಗೆ ಅದರೊಳಗೆ ಹಾಕೋ ಎಣ್ಣೆಗೂ. ಸೀಮೆಎಣ್ಣೆಯ ಸೀಮೆ ಅಂದ್ರೆ ಪರದೇಶ, ಸೀಮೆಹಸು ಸೀಮೆಬದನೆ ಇದ್ದ ಹಾಗೆ. ಕೆರೋಸಿನ್ ಅನ್ನೋ ಹೆಸರನ್ನ ಕೆನಡಾದ ಅಬ್ರಹಾಂ ಗೆಸ್ನರ್ ಗ್ರೀಕಿನ ಕೆರೋಸ್ ಅನ್ನೋ ಪದದಿಂದ ಕಟ್ಟಿದ, ಕೆರೋಸ್ ಅಂದ್ರೆ ಮೇಣ.

ಗಾಳಿಗೆ ಆರದ ಕಂದೀಲಿನ ಗುಟ್ಟು ಅದರ ಎರಡು ಪಕ್ಕದ ತಗಡಿನ ಕೊಳವೆಗಳಲ್ಲಿದೆ. ಅವು ಬರೀ ಹಿಡಿಕೆ ಅಲ್ಲ, ಮೇಲಿಂದ ತಣ್ಣನೆ ಗಾಳೀನ ಕೆಳಗಿನ ಉರಿಗೆ ಇಳಿಸೋ ದಾರಿ ಅವು, ಹೊರಗಿನ ಬಿರುಗಾಳಿ ನೇರ ಬತ್ತಿಗೆ ತಾಗದ ಹಾಗೆ ಅಳತೆ ಪ್ರಕಾರ ಗಾಳಿ ಕೊಡ್ತವೆ. ಸ್ವದೇಶಿ ಚಳವಳಿಯ ಕಾಲದಲ್ಲಿ ಮಹಾರಾಷ್ಟ್ರದ ಕರಾಡ ಹತ್ತಿರದ ಓಗಲೇವಾಡಿಯಲ್ಲಿ ಓಗಲೆ ಮನೆತನದವರು ಇಂಥದ್ದನ್ನ ನಮ್ಮಲ್ಲೇ ತಯಾರಿಸಿ ಪ್ರಭಾಕರ ಕಂದೀಲು ಅಂತ ಹೆಸರಿಟ್ಟರು. ಪ್ರಭಾಕರ ಅಂದ್ರೆ ಸೂರ್ಯ, ಅಲ್ಲಿಗೆ ಚಂದ್ರನ ನೆಂಟನಿಗೆ ಸೂರ್ಯನ ಹೆಸರೂ ಸಿಕ್ತು.

ಕರೆಂಟು ಬಂದ ಮೇಲೆ ಪದ ಹೋಗುತ್ತೆ ಅಂತ ಅನ್ಕೋಬೇಡಿ. ಬೆಂಗಳೂರಿನ ಬೀದಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ದೀಪ ಬಂತು. ತಂತಿ ಕಾದು ಬೆಳ್ಳಗಾಗಿ ಉರಿಯೋ ಹಳೇ ಬಲ್ಬನ್ನ ಇನ್‌ಕ್ಯಾಂಡೆಸೆಂಟ್ ಅಂತಾರಲ್ಲ, ಅದರೊಳಗೂ ಅದೇ ಕಂದ್ ಇದೆ. ಬೆಳಕಿನ ತೀವ್ರತೆ ಅಳೆಯೋ ಅಂತರರಾಷ್ಟ್ರೀಯ ಮಾನಕ್ಕೆ 1948ರಲ್ಲಿ ಕ್ಯಾಂಡೆಲಾ ಅಂತ ಹೆಸರಿಟ್ರು, ಮೀಟರು ಕಿಲೋಗ್ರಾಮಿನ ಸಾಲಿನಲ್ಲಿ ನಿಲ್ಲೋ ಏಳು ಮೂಲಮಾನಗಳಲ್ಲಿ ಅದೊಂದು, ಒಂದು ಸಾಧಾರಣ ಮೇಣದಬತ್ತಿ ಹೆಚ್ಚುಕಡಿಮೆ ಒಂದು ಕ್ಯಾಂಡೆಲಾ ಬೆಳಕು ಕೊಡುತ್ತೆ. ಹೊಸ ಫೋನ್ ತಗೊಳ್ಳುವಾಗ ಸ್ಕ್ರೀನಿನ ಬ್ರೈಟ್‌ನೆಸ್ ಇಷ್ಟು ನಿಟ್ಸ್ ಅಂತ ಹೇಳ್ತಾರಲ್ಲ, ಒಂದು ನಿಟ್ ಅಂದ್ರೆ ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ. ಸಾವಿರ ನಿಟ್ಸ್ ಅಂದವನು ತನಗೆ ಗೊತ್ತಿಲ್ಲದೆ ಕಂದೀಲಿನ ಲೆಕ್ಕದಲ್ಲೇ ಮಾತಾಡ್ತಿದ್ದಾನೆ.

ದೀಪಾವಳಿಗೆ ಮನೆ ಮುಂದೆ ಕಟ್ಟೋದಕ್ಕೆ ಕರಾವಳಿಯಲ್ಲಿ ಗೂಡುದೀಪ, ಬಹಳ ಕಡೆ ಆಕಾಶಬುಟ್ಟಿ, ಮರಾಠಿ ಗಡಿಯ ಕಡೆ ಆಕಾಶಕಂದೀಲು ಅಂತಾರೆ. ಒಳಗೀಗ ಎಲ್‌ಇಡಿ ಬಲ್ಬು, ಹೊರಗೆ ಬಣ್ಣದ ಕಾಗದ. ನಿಮ್ಮ ಕಡೆ ಇದಕ್ಕೆ, ಲಾಟೀನಿಗೆ, ಬುಡ್ಡಿಗೆ ಇನ್ನೇನೇನು ಹೆಸರಿವೆ ಅಂತ ಮನೇಲಿರೋ ಹಿರಿಯರನ್ನ ಈ ವಾರವೇ ಕೇಳಿ, ಅವರು ಹೇಳಿದ ಹಾಗೇ ಬರೆದಿಟ್ಕೊಳ್ಳಿ, ತಿದ್ದಬೇಡಿ. ನಮಸ್ಕಾರ.