ಊರು ಬಿಟ್ಟ ಆಟಗಾರನ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಪುತ್ತರಿ ಸುಗ್ಗಿ ಹಬ್ಬದ ಮಾರನೆಯ ದಿನ ಕೊಡಗಿನ ನಮ್ಮ ಊರಿನ ಐನ್‌ಮನೆಯೊಂದರ, ಅಂದರೆ ಹಿರಿಯರ ಕಾಲದ ಕುಟುಂಬದ ಮನೆಯೊಂದರ, ಕೈಯಾಲೆ ಎಂಬ ಜಗಲಿಯಲ್ಲಿ ಕುಳಿತಿದ್ದೆ. ದುಬೈಯಲ್ಲಿ ಕೆಲಸದಲ್ಲಿದ್ದು, ಬಿಡುವಿನ ದಿನ ಅಲ್ಲಿಯ ಗೆಳೆಯರೊಡನೆ ಫುಟ್‌ಬಾಲ್ ಆಡುವ ಹುಡುಗನೊಬ್ಬ, ಚಿಕ್ಕಂದಿನಲ್ಲಿ ತಾನು ಆಡಿ ಬೆಳೆದ ಮೈದಾನದಲ್ಲಿ ಮಳೆ ಹಿಡಿದರೆ ನೀರು ಹರಿದುಹೋಗಲು ಇಂದಿಗೂ ಒಂದು ಚರಂಡಿ ಇಲ್ಲವಲ್ಲ ಎಂದು ಬೇಸರದಿಂದ ಹೇಳಿದ. ಜಗಲಿಯಲ್ಲಿ ಕೂರಲು ಹಾಕಿದ ದಪ್ಪ ಹಲಗೆಯಾದ ಐಮರದ ಮೇಲಿದ್ದ ಹಿರಿಯರೊಬ್ಬರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಇಲ್ಲಿದ್ದು ಮಾತಾಡು ಮಗ" ಎಂದರು. ಹುಡುಗ ಸುಮ್ಮನಾದ. ಚರಂಡಿಯ ವಿಷಯವೂ ಅಲ್ಲಿಗೇ ನಿಂತಿತು.

ಕೊಡಗನ್ನು ಹಾಕಿಯ ನೆಲವೆಂದು ಕರೆದರೂ, ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯಾವಳಿಯನ್ನು ನೋಡಿದವರಿಗೆ ಫುಟ್‌ಬಾಲಿನ ಮೇಲೆ ಇಲ್ಲಿರುವ ಪ್ರೀತಿಯ ಬಗ್ಗೆ ಹೇಳಬೇಕಾಗಿಲ್ಲ. ಹೊರದೇಶಕ್ಕೆ ಹೋದ ಫುಟ್‌ಬಾಲ್ ಆಟಗಾರರು ತವರಿನ ಬಗ್ಗೆ ಬಾಯಿ ತೆರೆದಾಗ ಅವರಿಗೆ ಸಿಗುವ ಉತ್ತರವೂ ಬಹುಮಟ್ಟಿಗೆ ಆ ಹಿರಿಯರ ಉತ್ತರವೇ. ಕೆಲವೊಮ್ಮೆ ಅದು ಮಾತಿಗೆ ಮುಗಿಯುವುದಿಲ್ಲ.

ಲೈಬೀರಿಯದ ಜಾರ್ಜ್ ವೇಯಾ ರಾಜಧಾನಿ ಮನ್ರೋವಿಯದ ಬಡ ಕೇರಿಯೊಂದರಲ್ಲಿ ಬೆಳೆದು, ಫ್ರಾನ್ಸ್ ಮತ್ತು ಇಟಲಿಯ ತಂಡಗಳಲ್ಲಿ ಆಡಿ, 1995ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರನೆನಿಸಿಕೊಂಡವರು. ಅಂತರ್ಯುದ್ಧದಲ್ಲಿ ನಲುಗಿದ್ದ ತಮ್ಮ ದೇಶದ ತಂಡದ ಉಡುಪಿಗೂ ಪ್ರಯಾಣಕ್ಕೂ ಕೈಯಿಂದ ಹಣ ಹಾಕುತ್ತಿದ್ದರು. ಅಂಥವರು 1996ರಲ್ಲಿ, ವಿಶ್ವಸಂಸ್ಥೆಯೇ ಮುಂದೆ ಬಂದು ಲೈಬೀರಿಯವನ್ನು ಕಾಪಾಡಬೇಕೆಂದು ಬಹಿರಂಗವಾಗಿ ಹೇಳಿದರು. ಅದಾದ ಮೇಲೆ ಮನ್ರೋವಿಯದಲ್ಲಿದ್ದ ಅವರ ಮನೆಗೆ ಬೆಂಕಿ ಬಿತ್ತು. ಬಂಧುಗಳ ಮೇಲೆ ಹಲ್ಲೆ ನಡೆಯಿತು. ಮಾತಾಡಿದವರು ಮಿಲಾನಿನಲ್ಲಿದ್ದರು, ಬೆಂಕಿ ಬಿದ್ದದ್ದು ಊರಿನ ಮನೆಗೆ. ಈ ಪ್ರಸಂಗ ನೆನಪಾದಾಗಲೆಲ್ಲ, ಐಮರದ ಹಿರಿಯರ ಮಾತನ್ನು ಬರಿಯ ಅಸಹನೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ದೂರದಲ್ಲಿರುವವನು ಆಡಿದ ಮಾತಿನ ಬೆಲೆಯನ್ನು ಎಷ್ಟೋ ಸಲ ಹತ್ತಿರದಲ್ಲಿರುವವರೇ ತೆರಬೇಕಾಗುತ್ತದೆ. ಆದರೆ ವೇಯಾ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದೇ ದೇಶದ ಜನ ಮುಂದೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. 2018ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು.

ಬ್ರೆಜಿಲಿನ ಫುಟ್‌ಬಾಲ್ ಆಟಗಾರ ಸಾಕ್ರಟೀಸ್ ತಮ್ಮ ಹೊರಡುವಿಕೆಯನ್ನೇ ಪಣಕ್ಕಿಟ್ಟರು. ಸೈನಿಕ ಆಡಳಿತವಿದ್ದ ಆ ದೇಶದಲ್ಲಿ 1984ರಲ್ಲಿ, ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ತಿದ್ದುಪಡಿ ಅಂಗೀಕಾರವಾದರೆ ತಾನು ಇಟಲಿಗೆ ಹೋಗುವುದಿಲ್ಲವೆಂದು ಸಾವೊ ಪಾಲೊ ನಗರದ ಭಾರಿ ಸಭೆಯಲ್ಲಿ ಸಾರಿದರು. ತಿದ್ದುಪಡಿಗೆ 22 ಮತಗಳು ಸಾಲದೆ ಹೋದವು. ಅವರು ಇಟಲಿಯ ಫಿಯೊರೆಂಟಿನಾ ತಂಡ ಸೇರಿದರು.

ಐವರಿ ಕೋಸ್ಟಿನ ದಿದಿಯೆ ಡ್ರೊಗ್ಬಾ ಇಂಗ್ಲೆಂಡಿನ ಚೆಲ್ಸಿ ತಂಡದಲ್ಲಿದ್ದರು. 2005ರ ಅಕ್ಟೋಬರಿನಲ್ಲಿ ಅಂತರ್ಯುದ್ಧದಲ್ಲಿದ್ದ ತಮ್ಮ ದೇಶ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆದ ದಿನ, ಜೊತೆ ಆಟಗಾರರೊಂದಿಗೆ ಕ್ಯಾಮೆರಾದ ಮುಂದೆ ಮೊಣಕಾಲೂರಿ, ಆಯುಧ ಕೆಳಗಿಡಿ ಎಂದು ದೇಶವಾಸಿಗಳನ್ನು ಬೇಡಿಕೊಂಡರು. 2007ರಲ್ಲಿ ಬಂಡುಕೋರರ ನೆಲೆಯಾಗಿದ್ದ ಬುವಾಕೆ ನಗರದಲ್ಲಿಯೇ ರಾಷ್ಟ್ರೀಯ ತಂಡ ಆಡಿತು; ಡ್ರೊಗ್ಬಾ ಆ ಮೈದಾನದಲ್ಲಿದ್ದರು. ಯುದ್ಧವನ್ನು ಒಬ್ಬ ಆಟಗಾರ ನಿಲ್ಲಿಸಿದನೆಂದು ನಾನು ಹೇಳುವುದಿಲ್ಲ. ಆದರೆ ಜನ ಆ ಮಾತನ್ನು ತಮ್ಮವನ ಮಾತೆಂದು ಕೇಳಿಸಿಕೊಂಡರು.

ನಮ್ಮ ಸುನಿಲ್ ಛೆಟ್ರಿಯವರೂ ಅಮೆರಿಕದ ಕಾನ್ಸಾಸ್ ಸಿಟಿಗೆ, ಅನಂತರ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಆಡಲು ಹೋಗಿ ಹಿಂತಿರುಗಿ, 2013ರಿಂದ ಬೆಂಗಳೂರು ತಂಡದ ಮುಖವಾದವರು. 2018ರ ಜೂನಿನಲ್ಲಿ ಭಾರತ ತಂಡದ ಪಂದ್ಯಕ್ಕೆ ಮುಂಬಯಿಯ ಮೈದಾನ ಬಹುಪಾಲು ಖಾಲಿಯಿದ್ದುದನ್ನು ಕಂಡು, ನಮ್ಮನ್ನು ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬನ್ನಿ ಎಂಬರ್ಥದಲ್ಲಿ ಅಭಿಮಾನಿಗಳನ್ನು ಕೇಳಿಕೊಂಡರು. ಕೀನ್ಯದ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್ಟುಗಳೆಲ್ಲ ಮಾರಾಟವಾದವು. ಇದೇ ಮಾತನ್ನು ಅವರು ಲಿಸ್ಬನ್ನಿನಲ್ಲಿ ಕುಳಿತು ಆಡಿದ್ದರೆ ನಾವು ಇಷ್ಟೇ ಅಕ್ಕರೆಯಿಂದ ಕೇಳುತ್ತಿದ್ದೆವೆಂದು ನನಗನ್ನಿಸುವುದಿಲ್ಲ. ಅವರ ದೂರಿನಲ್ಲಿ ಆಗಲೂ ಒಂದಕ್ಷರ ಹೆಚ್ಚುಕಡಿಮೆಯಾಗುತ್ತಿರಲಿಲ್ಲ.

ಈ ಜೂನಿನಲ್ಲಿ ಆ ಹುಡುಗ ಹೇಳಿದ ಮೈದಾನದ ಕಡೆ ಹೋಗಿದ್ದೆ. ಗೋಲು ಕಂಬಗಳ ನಡುವೆ ಕಣಕಾಲು ಮುಳುಗುವಷ್ಟು ಕೆಂಪು ನೀರು ನಿಂತಿತ್ತು. ಮಕ್ಕಳು ಅದರಲ್ಲಿಯೇ ಚೆಂಡನ್ನು ಒದೆಯುತ್ತಿದ್ದರು. ರಸ್ತೆಯಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ ಅದೇ ಹಿರಿಯರು ನನ್ನನ್ನು ಕಂಡು, "ಅವನು ಹೇಳಿದ್ದು ಈ ಜಾಗವನ್ನೇ ಅಲ್ಲವೇ?" ಎಂದು ಕೇಳಿದರು. ಹೌದೆಂದೆ. ಅವರು ಬಹಳ ಹೊತ್ತು ಆ ನೀರನ್ನೇ ನೋಡುತ್ತ ನಿಂತರು.

ನಮಸ್ಕಾರ.