ಮಾಂಗುಲ್: ಗ್ರಹವನ್ನೇ ಆಯುಧ ಮಾಡಿಕೊಂಡ ಭಸ್ಮಾಸುರ

[ದೃಶ್ಯ: ಕೊಯ್ಲಾದ ಗದ್ದೆ, ರಾತ್ರಿ. ದೂರದಲ್ಲಿ ರಂಗಸ್ಥಳದ ಬೆಳಕು. ಚೆಂಡೆಯ ಸದ್ದು ಮೆಲ್ಲಗೆ ಏರುತ್ತದೆ.]

ನಿರೂಪಣೆ:
ಯಕ್ಷಗಾನದಲ್ಲಿ ದೇವಿ ಮಾಹಾತ್ಮ್ಯೆ ಆಟ ನೋಡಿದವರಿಗೆ ಇದು ಗೊತ್ತುಂಟು. ಮಹಿಷಾಸುರ ಚೌಕಿಯಿಂದ, ಅಂದರೆ ವೇಷ ಕಟ್ಟುವ ಜಾಗದಿಂದ, ನೇರ ರಂಗಸ್ಥಳಕ್ಕೆ ಬರುವವನಲ್ಲ. ನಾವು ಮುಂದೆ ನೋಡ್ತಾ ಕೂತಿರುತ್ತೇವೆ, ಅವನು ನಮ್ಮ ಬೆನ್ನ ಹಿಂದಿನಿಂದ ಬರ್ತಾನೆ. ದೊಂದಿ ಹಿಡಿದವರು ಎರಡೂ ಬದಿ, ರಾಳದ ಪುಡಿ ಎರಚಿದಾಗ ಭಗ್ ಅಂತ ಏಳುವ ಬೆಂಕಿ, ಮಧ್ಯದಲ್ಲಿ ಕೊಂಬು ಹೊತ್ತ ಆ ದೇಹ. ನಿದ್ದೆ ತೂಗುತ್ತಿದ್ದವನೂ ಕುರ್ಚಿ ಎಳೆದು ದಾರಿ ಬಿಡ್ತಾನೆ. ಅಸುರ ಇನ್ನೂ ಒಂದು ಮಾತಾಡಿಲ್ಲ, ಯಾರಿಗೂ ಒಂದು ಪೆಟ್ಟು ಹಾಕಿಲ್ಲ. ಆದರೂ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಇವತ್ತಿನ ವಿಷಯ ಸೂಪರ್‌ಮ್ಯಾನ್ ಕಾಮಿಕ್ಸಿನ ಒಂದು ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಹೆಸರು ಮಾಂಗುಲ್.

[ಪರದೆಯಲ್ಲಿ: ಹಳದಿ ಮುಖದ ರೇಖಾಚಿತ್ರ, ಭಾಗ ಭಾಗವಾಗಿ ಮೂಡುತ್ತದೆ]

ಅವನು ಮೊದಲು ಕಾಣಿಸಿಕೊಂಡದ್ದು 1980ರ ನವೆಂಬರ್ ತಾರೀಕಿನ "ಡಿಸಿ ಕಾಮಿಕ್ಸ್ ಪ್ರೆಸೆಂಟ್ಸ್" 27ನೇ ಸಂಚಿಕೆಯಲ್ಲಿ. ಬರೆದವರು ಲೆನ್ ವೀನ್, ಚಿತ್ರ ಬಿಡಿಸಿದವರು ಜಿಮ್ ಸ್ಟಾರ್ಲಿನ್. ಸ್ಟಾರ್ಲಿನ್ ಹೆಸರು ಎಲ್ಲೋ ಕೇಳಿದ ಹಾಗೆ ಆಯ್ತಾ? 1973ರಲ್ಲಿ ಮಾರ್ವೆಲ್‌ಗೆ ಥಾನೋಸ್ ಅನ್ನುವ ಖಳನನ್ನು ಮಾಡಿಕೊಟ್ಟವರು ಇವರೇ. ಥಾನೋಸ್ ಹುಟ್ಟುವಾಗ ಜ್ಯಾಕ್ ಕರ್ಬಿಯವರು ಡಿಸಿಗೆ ಮಾಡಿದ ಖಳ ಡಾರ್ಕ್‌ಸೈಡ್‌ನ ನೆರಳು ಅವನ ಮೇಲೆ ಬಿದ್ದಿತ್ತು. ಹಾಗಾಗಿ ಮೂವರನ್ನೂ ಸಾಲಾಗಿ ನಿಲ್ಲಿಸಿದರೆ ಒಂದೇ ಮನೆಯವರ ಹಾಗೆ ಕಾಣ್ತಾರೆ: ಗುಡ್ಡದಂಥ ಭುಜ, ಗೆರೆ ಕೊರೆದ ಗಲ್ಲ, ಹಣೆಯ ಕೆಳಗೆ ಹುದುಗಿದ ಕಣ್ಣು. ಮಾಂಗುಲ್ ಡಾರ್ಕ್‌ಸೈಡ್‌ನ ಅಗ್ಗದ ನಕಲು ಅಂತ ಹೇಳುವವರಿದ್ದಾರೆ. ಮುಖ ಮಾತ್ರ ನೋಡಿದರೆ ಅದು ಸುಳ್ಳಲ್ಲ. ಕೆಲಸ ನೋಡಿದರೆ ಬೇರೆಯೇ ಜಾತಿ.

ವೇಷದ ಲೆಕ್ಕ ಹೀಗೆ: ಹಳದಿ ಚರ್ಮ, ಕೆಂಪು ಕಣ್ಣು, ನೇರಳೆ ಬಟ್ಟೆ, ಎದೆಯಿಂದ ಹೊಮ್ಮುವ ಶಕ್ತಿಕಿರಣ, ಮುಚ್ಚಲೇ ಬಾರದ ಹಲ್ಲಿನ ಸಾಲು. ತೆಂಕುತಿಟ್ಟಿನ ಚೌಕಿಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಕಡ್ಡಿಯಲ್ಲಿ ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಚಿಟ್ಟಿ ಇಡುವುದು ಸುಮ್ಮನೆ ಅಲ್ಲ. ಕೊನೇ ಸಾಲಿನಲ್ಲಿ ಕೂತ ಅಜ್ಜಿಗೂ ಬಂದವ ಯಾರು ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಸ್ಟಾರ್ಲಿನ್ ಮಾಡಿದ್ದೂ ಅದನ್ನೇ. ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳದಿ ಚರ್ಮ, ಜೊತೆಗೆ "ಮಂಗೋಲ್" ಅಂತ ಕೇಳುವ ಹೆಸರು. ಏಷ್ಯಾದವರನ್ನು ಹಳದಿ ಗಂಡಾಂತರ ಅಂತ ಚಿತ್ರಿಸುತ್ತಿದ್ದ ಹಳೇ ಪಾಶ್ಚಾತ್ಯ ಚಟದ ವಾಸನೆ ಅದರಲ್ಲಿ ಉಂಟು. ಇಷ್ಟಪಟ್ಟು ಓದುವವರೂ ಅದನ್ನು ಮೂಸಿ ತಿಳಿದೇ ಓದಬೇಕು.

[ದೃಶ್ಯ: ಲೋಹದ ಗೋಳ. ಹತ್ತಿರ ಹೋದಂತೆ ಮೈತುಂಬ ಕ್ಷಿಪಣಿಯ ಬಾಯಿಗಳು.]

ಈಗ ಯಂತ್ರಕ್ಕೆ ಬರುವ. ಮಾಂಗುಲ್ ಮೊದಲು ತನ್ನದೇ ಗ್ರಹದ ದೊರೆ. ಆರ್ಕಿಮಂಡ್ರೈಟ್ ಅನ್ನುವ ಒಬ್ಬ ಧರ್ಮಾಂಧ ದಂಗೆ ಎಬ್ಬಿಸಿ ಇವನನ್ನು ಓಡಿಸಿದ. ಪೀಠ ಹೋಯಿತು, ಹಸಿವು ಉಳಿಯಿತು. ಆಗ ಕಣ್ಣಿಗೆ ಬಿದ್ದದ್ದು ವಾರ್‌ವರ್ಲ್ಡ್. ಅದು ವಾರ್‌ಜೂನ್ ಅನ್ನುವ ಜನಾಂಗ ಕಟ್ಟಿದ, ಒಂದು ಗ್ರಹದಷ್ಟೇ ದೊಡ್ಡ ಆಯುಧ. ಕಟ್ಟಿದವರು ಸತ್ತುಹೋಗಿದ್ದಾರೆ, ಯಂತ್ರ ಖಾಲಿ ಬಿದ್ದಿದೆ. ಅದನ್ನು ಎಬ್ಬಿಸಬೇಕಾದರೆ ಒಂದು ಸ್ಫಟಿಕದ ಕೀಲಿ ಬೇಕು, ಅದನ್ನು ಕಾಯ್ತಾ ಕೂತವನು ಮಂಗಳ ಗ್ರಹದ ನಾಯಕ ಮಾರ್ಷಿಯನ್ ಮ್ಯಾನ್‌ಹಂಟರ್.

ಸೂಪರ್‌ಮ್ಯಾನ್‌ಗೇ ಹೊಡೆಯುವಷ್ಟು ಬಲ ಇರುವವನು ಕೀಲಿಗೆ ತಾನೇ ಹೋಗಬಹುದಿತ್ತಲ್ಲ? ಹೋಗಲಿಲ್ಲ. ಸೂಪರ್‌ಮ್ಯಾನ್‌ಗೆ ಹತ್ತಿರದವರಾದ ಲೋಯಿಸ್ ಲೇನ್, ಜಿಮ್ಮಿ ಓಲ್ಸನ್, ಸ್ಟೀವ್ ಲೊಂಬಾರ್ಡ್ ಮೂವರನ್ನು ಒತ್ತೆ ಇಟ್ಟುಕೊಂಡು, "ನೀನು ಹೋಗಿ ತಾ" ಅಂತ ಸೂಪರ್‌ಮ್ಯಾನ್‌ನನ್ನೇ ಕಳಿಸಿದ. ಇಬ್ಬರು ಒಳ್ಳೆಯವರು ತಮ್ಮೊಳಗೇ ಹೊಡೆದಾಡಿದರು. ಕೀಲಿ ಕೈಗೆ ಸಿಕ್ಕಿದ ಕೂಡಲೇ ಇವನು ಮಾಯ. ಮಾಂಗುಲ್‌ನ ನಿಜವಾದ ಗುರುತು ಇದು. ಮುಷ್ಟಿ ಅವನಿಗೆ ಕೊನೇ ದಾರಿ. ಮೊದಲನೇ ದಾರಿ ಎದುರಾಳಿಯ ಪ್ರೀತಿ ಎಲ್ಲಿದೆ ಅಂತ ಹುಡುಕುವುದು.

ಮುಂದಿನ ಸಂಚಿಕೆ, 28. ವಾರ್‌ವರ್ಲ್ಡ್ ಎದ್ದಿದೆ. ಅದನ್ನು ನಡೆಸುವುದು ಗುಂಡಿ ಒತ್ತಿ ಅಲ್ಲ, ತಲೆಗೆ ಕಟ್ಟಿಕೊಂಡ ಉಪಕರಣದ ಮೂಲಕ, ಮನಸ್ಸಿನಲ್ಲೇ. ಒಂದು ಕ್ಷಿಪಣಿ ಬಿಡಲಿಕ್ಕೆ ಒಂದು ಯೋಚನೆ ಸಾಕು. ಆದರೆ ಸೂಪರ್‌ಮ್ಯಾನ್, ಸೂಪರ್‌ಗರ್ಲ್ ಇಬ್ಬರೂ ಎರಡು ದಿಕ್ಕಿನಿಂದ ನುಗ್ಗಿದಾಗ ಗ್ರಹದಷ್ಟು ದೊಡ್ಡ ಯಂತ್ರದ ಭಾರ ಪೂರ್ತಿ ಒಂದು ಮಿದುಳಿನ ಮೇಲೆ ಬೀಳುತ್ತದೆ. ಮಾಂಗುಲ್ ಕುಸಿದ. ಕಟ್ಟಿದ ವಾರ್‌ಜೂನ್‌ಗಳು ಸತ್ತದ್ದೂ ಇದೇ ಕಾರಣಕ್ಕೆ. ಅವರು ಹೇಗೆ ಸತ್ತರು ಅಂತ ವಿಚಾರಿಸದೆ ಅವರ ಕುರ್ಚಿಯಲ್ಲಿ ಹೋಗಿ ಕೂತ ಪುಣ್ಯಾತ್ಮ ಇವನು.

ಮೋಹಿನಿ ಭಸ್ಮಾಸುರ ನೆನಪಾಯಿತಾ? ವರ ಅವನದ್ದೇ, ಕೈ ಅವನದ್ದೇ, ತಲೆಯೂ ಅವನದ್ದೇ. ಮಾಂಗುಲ್‌ನ ಕಥೆಗಳಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ನೋಡಲಿಕ್ಕೆ ನಾವು ಹಿಡಿಯುವ ಅಳತೆಗೋಲು ಇದು: ಅವನ ಕೈ ಅವನದೇ ತಲೆ ಮುಟ್ಟಿತೋ ಇಲ್ಲವೋ.

[ಪರದೆಯಲ್ಲಿ: 1985. ಹಿಮದ ಕೋಟೆ. ನಿಶ್ಚಲವಾಗಿ ನಿಂತ ಸೂಪರ್‌ಮ್ಯಾನ್, ಎದೆಗೆ ಅಂಟಿದ ಗಿಡ.]

ಅಳತೆಗೆ ಚೂರೂ ತಪ್ಪದೆ ಕೂರುವ ಕಥೆ 1985ರ ಸೂಪರ್‌ಮ್ಯಾನ್ ವಾರ್ಷಿಕ ಸಂಚಿಕೆ 11. ಬರಹ ಅಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್. ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ 29, ಸೂಪರ್‌ಮ್ಯಾನ್‌ನ ಹುಟ್ಟಿದ ಹಬ್ಬ. ಬ್ಯಾಟ್‌ಮ್ಯಾನ್, ವಂಡರ್ ವುಮನ್, ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಆಗಿ ಹೊಸದಾಗಿ ಬಂದಿದ್ದ ಜೇಸನ್ ಟಾಡ್ ಉಡುಗೊರೆ ಹಿಡಿದು ಸೂಪರ್‌ಮ್ಯಾನ್‌ನ ಹಿಮದ ಕೋಟೆಗೆ ಬರ್ತಾರೆ. ಇವರಿಗಿಂತ ಮೊದಲೇ ಒಂದು ಉಡುಗೊರೆ ಬಂದಾಗಿದೆ. ಕಾಗದ ಸುತ್ತಿದ ಪೊಟ್ಟಣ, ಒಳಗೆ ಬ್ಲ್ಯಾಕ್ ಮರ್ಸಿ ಅನ್ನುವ ಗಿಡ. ಕಳಿಸಿದವನು ಮಾಂಗುಲ್.

ಈ ಗಿಡ ಕೆಲಸ ಮಾಡುವುದು ಹೇಗೆ ಅಂತ ಸರಿಯಾಗಿ ನೋಡಬೇಕು, ಯಾಕೆಂದರೆ ಕಥೆಯ ಪ್ರತಿ ತಿರುವು ಇದರ ನಿಯಮದಿಂದಲೇ ಹುಟ್ಟುತ್ತದೆ. ಗಿಡಕ್ಕೂ ಅಣಬೆಗೂ ನಡುವಿನ ಜೀವಿ. ಎದೆಗೆ ಬಳ್ಳಿ ಚುಚ್ಚಿ ಅಂಟಿಕೊಳ್ಳುತ್ತದೆ, ದೇಹದ ಜೀವಶಕ್ತಿ ಹೀರುತ್ತದೆ. ಬದಲಿಗೆ ಮನಸ್ಸಿಗೆ ಅದರ ಅತಿ ಆಳದ ಆಸೆಯನ್ನು ಕನಸಾಗಿ ಕಟ್ಟಿಕೊಡುತ್ತದೆ. ನೋವಿಲ್ಲ. ಸಂಕೋಲೆ ಇಲ್ಲ. ಹೊರಗಿನವರು ಬರಿಗೈಯಲ್ಲಿ ಎಳೆದರೆ ಬರುವುದಿಲ್ಲ, ಒಳಗಿದ್ದವನೇ ಕನಸು ಬೇಡ ಅನ್ನಬೇಕು, ಆಗ ಹಿಡಿತ ಸಡಿಲ. ಬಿಟ್ಟ ಮೇಲೂ ಸಾಯುವುದಿಲ್ಲ, ಹತ್ತಿರ ಯಾರು ಸಿಕ್ಕಿದರೂ ಹಿಡಿಯುತ್ತದೆ. ಯಜಮಾನ, ಶತ್ರು ಅನ್ನುವ ಭೇದ ಅದಕ್ಕಿಲ್ಲ. ಅದಕ್ಕೇ ಮಾಂಗುಲ್ ಅದನ್ನು ತರುವಾಗ ದಪ್ಪ ಕೈಗವಸು ಹಾಕಿರುತ್ತಾನೆ. ಕೈಗವಸು ನೆನಪಿಡಿ ಮಾರ್ರೆ.

ಸೂಪರ್‌ಮ್ಯಾನ್‌ನ ಕನಸು ಏನು? ಅವನು ಹುಟ್ಟಿದ ಗ್ರಹ ಕ್ರಿಪ್ಟಾನ್ ಸಿಡಿಯಲೇ ಇಲ್ಲ. ಅವನಿಗೆ ಮನೆ, ಹೆಂಡತಿ, ವ್ಯಾನ್ ಅನ್ನುವ ಪುಟ್ಟ ಮಗ. ಮೊದಲ ಪುಟ ನೋಡಿದರೆ ಸ್ವರ್ಗ. ಆದರೆ ಗ್ರಹ ನಾಶವಾಗುತ್ತದೆ ಅಂತ ಸಾರಿದ ಅಪ್ಪ ಜೋರ್-ಎಲ್‌ನ ಗತಿ? ಭವಿಷ್ಯ ಸುಳ್ಳಾಯಿತು, ಮರ್ಯಾದೆ ಹೋಯಿತು, ಕಹಿ ತುಂಬಿದ ಮುದುಕನಾಗಿ ಹಳೇ ಕ್ರಿಪ್ಟಾನ್ ಬೇಕು ಅನ್ನುವ ಉಗ್ರರ ಜೊತೆ ಸೇರಿದ್ದಾನೆ. ಅಮ್ಮ ತೀರಿಹೋಗಿದ್ದಾಳೆ. ಬೀದಿಯಲ್ಲಿ ಗಲಭೆ, ತಂಗಿ ಕಾರಾ ಪೆಟ್ಟು ತಿಂದು ಆಸ್ಪತ್ರೆಯಲ್ಲಿ. ಗಿಡ ಆಸೆಯನ್ನು ಕೊಟ್ಟಿತು, ಆಸೆಯ ಹಿಂದೆ ತರ್ಕ ಹಿಡಿದು ಬಂದದ್ದನ್ನು ಸೂಪರ್‌ಮ್ಯಾನ್‌ನ ಮನಸ್ಸೇ ಹೆಣೆಯಿತು ಅಂತ ನಮ್ಮ ಓದು. ಕಡೆಗೆ ಅವನು ಮಗನನ್ನು ಅಪ್ಪಿಕೊಂಡು, ನೀನು ನಿಜ ಅಲ್ಲ ಅಂತ ಅನಿಸುತ್ತಿದೆ ಮಗಾ ಅನ್ನುವ ಅರ್ಥದ ಮಾತು ಹೇಳುವ ಚೌಕಟ್ಟು ಉಂಟಲ್ಲ, ಅಲ್ಲಿ ಒಂದು ಗ್ರಹ ಎರಡನೇ ಸಲ ಸಾಯುತ್ತದೆ. ಈ ಸಲ ಕೊಂದವನು ಅವನೇ.

[ಸಂಗೀತ ನಿಲ್ಲುತ್ತದೆ. 3 ಸೆಕೆಂಡ್ ಮೌನ.]

ಹೊರಗೆ ಅಷ್ಟರಲ್ಲಿ ವಂಡರ್ ವುಮನ್ ಮಾಂಗುಲ್ ಕೈಯಲ್ಲಿ ನುಜ್ಜುಗುಜ್ಜಾಗುತ್ತಿದ್ದಾಳೆ. ಗಿಡ ಸೂಪರ್‌ಮ್ಯಾನ್‌ನನ್ನು ಬಿಟ್ಟು ಬ್ಯಾಟ್‌ಮ್ಯಾನ್‌ಗೆ ಹಿಡಿಯಿತು. ಅವನ ಕನಸಿನಲ್ಲಿ ಅಪ್ಪ ಅಮ್ಮ ಸಾಯಲೇ ಇಲ್ಲ. ಸಿಟ್ಟಿನಲ್ಲಿ ಉರಿಯುವ ಸೂಪರ್‌ಮ್ಯಾನ್ ಮಾಂಗುಲ್ ಮೇಲೆ ಬೀಳ್ತಾನೆ, ಗೆಲ್ಲುವುದರಲ್ಲಿದ್ದಾನೆ. ಆಗ ಎದುರಿಗೆ ಕ್ರಿಪ್ಟಾನನ್ನು ಎತ್ತಿ ಹಿಡಿದ ತಂದೆತಾಯಿಯ ಪ್ರತಿಮೆ ಕಾಣುತ್ತದೆ. ಒಂದು ಕ್ಷಣ ಕೈ ತಡೆಯಿತು. ಅಷ್ಟು ಸಾಕು ಮಾಂಗುಲ್‌ಗೆ.

ಉಳಿಸಿದ್ದು ಯಾರು? ಯಾವ ಶಕ್ತಿಯೂ ಇಲ್ಲದ ಹುಡುಗ ರಾಬಿನ್. ಮಾಂಗುಲ್ ಕಳಚಿ ಬಿಸಾಡಿದ್ದ ಆ ಕೈಗವಸು ಹಾಕಿಕೊಂಡು, ಬ್ಯಾಟ್‌ಮ್ಯಾನ್ ಎದೆಯ ಗಿಡ ಕಿತ್ತು, ಹೊತ್ತು ತಂದು, ಮೇಲಿನಿಂದ ಮಾಂಗುಲ್ ಮೇಲೆ ಹಾಕಿದ. ಭಸ್ಮಾಸುರನ ಕೈ ತಲೆ ಮೇಲೆ ಬಂತು. ಮಾಂಗುಲ್ ಈಗ ತನ್ನ ಕನಸಿನೊಳಗೆ: ಸೂಪರ್‌ಮ್ಯಾನ್ ಸತ್ತ, ಗ್ರಹದ ಮೇಲೆ ಗ್ರಹ ಶರಣಾಗುತ್ತಿದೆ. ಅವನ ಆಸೆಯಲ್ಲಿ ಬಿರುಕು ಹುಡುಕುವ ಮನಸ್ಸು ಅವನಿಗಿಲ್ಲ, ಹಾಗಾಗಿ ಅವನು ಸುಖವಾಗಿಯೇ ಇದ್ದಾನೆ.

[ದೃಶ್ಯ: ಅಖಾಡದ ನೆರಳು ಚಿತ್ರ]

1989ರಲ್ಲಿ, ಡಿಸಿ ತನ್ನ ಲೋಕವನ್ನೆಲ್ಲ ಹೊಸದಾಗಿ ಬರೆದ ಮೇಲೆ, ವಾರ್‌ವರ್ಲ್ಡ್ ಅಖಾಡವಾಯಿತು. ನಮ್ಮ ಕಡೆಯ ಕೋಳಿ ಅಂಕವೇ. ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟಿಸಿಕೊಂಡವನು ರಕ್ತ ಸುರಿಸ್ತಾನೆ, ಕಟ್ಟಿಸಿದವನು ಮೇಲೆ ಕೂತು ನೋಡ್ತಾನೆ. ಅಲ್ಲಿಗೆ ಬಂದು ಬಿದ್ದ ಸೂಪರ್‌ಮ್ಯಾನ್, ಡ್ರಾಗಾ ಅನ್ನುವ ಯೋಧನನ್ನು ಸೋಲಿಸಿ, ಕೊಲ್ಲುವುದಿಲ್ಲ ಅಂದ. ಬಾಳು ಹಾಕದ ಕೋಳಿ! ಅಂಕ ನಡೆಸುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟಾ?

ಎಡವಿದ್ದು 1993ರಲ್ಲಿ. ಸೂಪರ್‌ಮ್ಯಾನ್ ಸತ್ತ ನಂತರದ ಕಥೆ. ಸೈಬೋರ್ಗ್ ಸೂಪರ್‌ಮ್ಯಾನ್, ಅಂದರೆ ಹ್ಯಾಂಕ್ ಹೆನ್ಶಾ, ಮುಖ್ಯ ಖಳ. ಅವನ ಮಾತಿನ ಮೇಲೆ ಮಾಂಗುಲ್ ಕೋಸ್ಟ್ ಸಿಟಿ ಮೇಲೆ ಬಾಂಬು ಸುರಿಸಿದ. ಸತ್ತವರು 70 ಲಕ್ಷ. ಆ ಬೂದಿಯ ಮೇಲೆ ಎಂಜಿನ್ ಸಿಟಿ ಅನ್ನುವ ದೈತ್ಯ ಎಂಜಿನ್ ಎದ್ದಿತು. ಸೂಪರ್‌ಮ್ಯಾನ್‌ನ ಊರು ಮೆಟ್ರೊಪೊಲಿಸ್ ಜಾಗದಲ್ಲಿ ಇನ್ನೊಂದು ಕಟ್ಟಿ, ಭೂಮಿಯನ್ನೇ ಹೊಸ ವಾರ್‌ವರ್ಲ್ಡ್ ಮಾಡುವ ಯೋಜನೆ. ಕೇಳಲಿಕ್ಕೆ ಭಾರೀ ದೊಡ್ಡದು. ಆದರೆ ದೊರೆ ಇಲ್ಲಿ ಇನ್ನೊಬ್ಬನ ಆಳು. ಚಕ್ರವರ್ತಿಯನ್ನು ಆಳು ಮಾಡಿದರೆ ಅವನ ಬಾಯಲ್ಲಿ ಉಳಿಯುವುದು ಗುರುಗುಟ್ಟುವ ಕೆಲಸ ಮಾತ್ರ. ಪರಿಣಾಮ ಎಲ್ಲ ಬೇರೆಯವರ ಖಾತೆಗೆ ಹೋಯಿತು. ಕೋಸ್ಟ್ ಸಿಟಿ, ಹಸಿರು ಉಂಗುರದ ಬಲದ ನಾಯಕ ಗ್ರೀನ್ ಲ್ಯಾಂಟರ್ನ್ ಹಾಲ್ ಜೋರ್ಡಾನ್‌ನ ಊರು. ಆ ದುಃಖ ತಲೆಗೇರಿ 1994ರಲ್ಲಿ ಅವನೇ ಪ್ಯಾರಲಾಕ್ಸ್ ಅನ್ನುವ ಖಳನಾದ. 1995ರಲ್ಲಿ ನೆರಾನ್ ಅನ್ನುವ ಪಿಶಾಚಿ ಬಂದು ಆತ್ಮದ ವ್ಯಾಪಾರ ಕೇಳಿದಾಗ ಮಾಂಗುಲ್ ಸೊಕ್ಕಿನಿಂದ ನಿರಾಕರಿಸಿದ, ನೆರಾನ್ ಅವನನ್ನು ಕೊಂದೇ ಹಾಕಿದ. ಹೊಸ ಖಳನ ಕೈಬಲ ತೋರಿಸಲಿಕ್ಕೆ ಹಳೇ ಖಳನನ್ನು ಬಲಿ ಕೊಡುವ ಈ ಸೋಮಾರಿ ಉಪಾಯ ಕಾಮಿಕ್ಸಿನಲ್ಲಿ ಧಾರಾಳ. ಆಟದಲ್ಲಿ ಬಣ್ಣದ ವೇಷವನ್ನು ಒಡ್ಡೋಲಗವೂ, ಅಂದರೆ ಅಬ್ಬರದ ಪ್ರವೇಶವೂ, ಇಲ್ಲದೆ ಕೊಂದು ಚೌಕಿಗೆ ಕಳಿಸಿದರೆ ಪ್ರೇಕ್ಷಕರು ಮೇಳದವರನ್ನು ಬಿಡ್ತಾರಾ?

ಆಮೇಲೆ ಮಗ ಬಂದ, ಹೆಸರು ಅದೇ ಮಾಂಗುಲ್. ತಂಗಿ ಮಾಂಗಲ್. 2006ರ ಗ್ರೀನ್ ಲ್ಯಾಂಟರ್ನ್ ಕಥೆಯಲ್ಲಿ ಆ ತಂಗಿಯನ್ನು ಅಣ್ಣನೇ ಕೊಂದ. ಮುಂದೆ ಬಲ ಕೊಡುವ ಹಳದಿ ಉಂಗುರಗಳನ್ನೂ ಬೆರಳಿಗೆ ಹಾಕಿಕೊಂಡ. ಉಂಗುರ ಜಾಸ್ತಿಯಾಯಿತು, ಉಪಾಯ ಕಡಿಮೆಯಾಯಿತು.

[ಪರದೆಯಲ್ಲಿ: ಕೆಂಪು ಸೂರ್ಯ, ಸಂಕೋಲೆ]

ಮತ್ತೆ ಸರಿದಾರಿಗೆ ತಂದವರು ಫಿಲಿಪ್ ಕೆನಡಿ ಜಾನ್ಸನ್, 2021ರಿಂದ 2022ರವರೆಗೆ "ಆಕ್ಷನ್ ಕಾಮಿಕ್ಸ್"ನಲ್ಲಿ. ಇಲ್ಲಿ ಮಾಂಗುಲ್ ಅನ್ನುವುದು ಒಂದು ಪಟ್ಟ: ಮಗ ಅಪ್ಪನನ್ನು ಕೊಂದು ಏರುವ ಪೀಠ. ಗುಲಾಮರನ್ನು ಬಿಡಿಸಲು ಹೋದ ಸೂಪರ್‌ಮ್ಯಾನ್ ಕೆಂಪು ಸೂರ್ಯನ ಕೆಳಗೆ ಬಲ ಕಳಕೊಂಡು ತಾನೇ ಸಂಕೋಲೆಗೆ ಬೀಳ್ತಾನೆ. ಬಿಡುಗಡೆ ಅಂದರೆ ಏನು ಅಂತಲೇ ಮರೆತ ಜನರ ನಡುವೆ ಒಬ್ಬೊಬ್ಬರನ್ನೇ ಎಬ್ಬಿಸಬೇಕು. ನಿಧಾನದ ಕೆಲಸ. ಮಾಂಗುಲ್‌ನನ್ನು ಕೆಡವುವುದು ಅವನೇ ಕತ್ತಿ ಕೊಟ್ಟು ಸಾಕಿದ ಆ ಜನ.

ಓದುವ ಕ್ರಮ ಹೇಳಿ ನಿಲ್ಲಿಸುತ್ತೇವೆ. ಮೊದಲು 1985ರ ಸಂಚಿಕೆ, ಒಂದೇ ಕೂತಿನಲ್ಲಿ. ಅಲನ್ ಮೂರ್ ಡಿಸಿಗೆ ಬರೆದ ಕಥೆಗಳ ಸಂಕಲನದಲ್ಲಿ ಅದು ಸಿಗುತ್ತದೆ. ಆಮೇಲೆ ಹಿಂದೆ ಹೋಗಿ 1980ರ 27, 28. ಅಲ್ಲಿಂದ ನೇರ 2021ಕ್ಕೆ ಹಾರಿ. 1993ರದ್ದನ್ನು ಸೂಪರ್‌ಮ್ಯಾನ್ ತಿರುಗಿ ಬರುವ ಕಥೆ ಅಂತ ಓದಿ, ಮಾಂಗುಲ್ ಕಥೆ ಅಂತ ಓದಿದರೆ ಬೇಸರ ಬಂದೀತು. 1985ರದ್ದನ್ನು ಎರಡನೇ ಸಲ ಓದುವಾಗ ಮಾತುಗಳನ್ನು ಬಿಟ್ಟು ಆ ಕೈಗವಸನ್ನು ಮಾತ್ರ ಹಿಂಬಾಲಿಸಿ: ಯಾವ ಚೌಕಟ್ಟಿನಲ್ಲಿ ಕಳಚಿತು, ಎಲ್ಲಿ ಬಿದ್ದಿತು, ರಾಬಿನ್ ಅದನ್ನು ಮೊದಲು ನೋಡಿದ್ದು ಯಾವಾಗ.

[ಚೆಂಡೆ ಮತ್ತೆ. ದೊಂದಿಯ ಬೆಳಕು ಆರುತ್ತದೆ.]