ಗಾಳಿ ಅಳೆದದ್ದು ಸಾಕು, ಮೈಯೊಳಗಿನ ಹೊಗೆ ಅಳೆಯೋಣ

ಎಲ್ಲರಿಗೂ ನಮಸ್ಕಾರ. ಸಮಯ ಕಡಿಮೆ ಇದೆ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಸರ್ಕಲ್ಲಿನಲ್ಲಿ ನಿಲ್ಲಿಸಿದ ಯಂತ್ರ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುತ್ತದೆ. ಅಲ್ಲಿ ದಿನವಿಡೀ ನಿಂತವರ ಮೈಯೊಳಗೆ ಎಷ್ಟು ಹೋಯಿತು ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಮೂತ್ರ. ಹಿಂದಿನ ಸಾಲಿನ ಹುಡುಗರು ನಗುತ್ತಿದ್ದೀರಿ, ನಗಿ, ಆದರೆ ಈ ಹೆಸರು ಬರೆದುಕೊಳ್ಳಿ: 1-ಹೈಡ್ರಾಕ್ಸಿಪೈರೀನ್.

ಸೌದೆ, ಕಲ್ಲಿದ್ದಲು, ಡೀಸೆಲ್, ಬೀಡಿ, ಯಾವುದೇ ಅರೆಬರೆ ಉರಿದರೂ ಪಿಎಎಚ್ ಅನ್ನುವ ಗುಂಪಿನ ರಾಸಾಯನಿಕಗಳು ಹುಟ್ಟುತ್ತವೆ. ಪೈರೀನ್ ಆ ಗುಂಪಿನದು. ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿರುವ ಬೆಂಜೊಪೈರೀನ್ ಕೂಡ ಅದೇ ಗುಂಪು, ಎರಡೂ ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ. ಮೈಗೆ ಸೇರಿದ ಪೈರೀನನ್ನು ಲಿವರ್ ನೀರಿನಲ್ಲಿ ಕರಗುವ ಹಾಗೆ ಬದಲಾಯಿಸಿ ಹೊರಗೆ ಕಳಿಸುತ್ತದೆ. ಹಾಗೆ ಬದಲಾದದ್ದೇ ಈ ಹೈಡ್ರಾಕ್ಸಿಪೈರೀನ್. ಇದನ್ನು ಗುರುತಾಗಿ ಬಳಸಬಹುದು ಅಂತ 1980ರ ದಶಕದಲ್ಲಿ ತೋರಿಸಿದವರಲ್ಲಿ ಡಚ್ ವಿಜ್ಞಾನಿ ಫ್ರಾನ್ಸ್ ಯೊಂಗೆನೇಲೆನ್ ಮುಖ್ಯರು.

ಈಗ ಒಂದು ಕಥೆ ಹೇಳಲೇಬೇಕು. 1775, ಲಂಡನ್. ಪರ್ಸಿವಲ್ ಪಾಟ್ ಅಂತ ಸರ್ಜನ್. ಅಲ್ಲಿ ಮನೆಮನೆಯ ಚಿಮಣಿ ಕೆರೆಯಲು ಪುಟ್ಟ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು, ಯಾಕೆಂದರೆ ದೊಡ್ಡವರು ಆ ಕೊಳವೆಯಲ್ಲಿ ಹಿಡಿಸುವುದಿಲ್ಲ. ಬಟ್ಟೆಯೊಳಗೆಲ್ಲ ಮಸಿ, ಸ್ನಾನ ಅಪರೂಪ. ದೊಡ್ಡವರಾದ ಮೇಲೆ ಅವರಿಗೆ ವೃಷಣದ ಚೀಲದ ಚರ್ಮದಲ್ಲಿ ಕ್ಯಾನ್ಸರ್. ಕೆಲವರು ಇದನ್ನು ಲೈಂಗಿಕ ರೋಗ ಅಂತಲೇ ತಿಳಿದಿದ್ದರು, ಅಂದರೆ ತಪ್ಪೆಲ್ಲ ಹುಡುಗನ ತಲೆಗೇ! ಪಾಟ್ ಮಾತ್ರ ಇದು ಮಸಿಯ ಕೆಲಸ ಅಂದರು. ಆ ಮಸಿಯೊಳಗಿನ ಬೆಂಜೊಪೈರೀನನ್ನು ಕಲ್ಲಿದ್ದಲಿನ ಟಾರಿನಿಂದ ಬೇರೆ ಮಾಡಿದ್ದು 1933ರಲ್ಲಿ, ಅದೂ ಲಂಡನ್ನಿನಲ್ಲೇ. ನಡುವೆ ನೂರೈವತ್ತಕ್ಕೂ ಹೆಚ್ಚು ವರ್ಷ, ಎಷ್ಟು ತಲೆಮಾರು ಅಲ್ವಾ? ಇಲ್ಲಿ ಗಮನಿಸಿ, ಮಸಿಯಲ್ಲಿರುವ ಈ ರಾಸಾಯನಿಕಗಳು ಚರ್ಮದಿಂದಲೂ ಒಳಗೆ ಹೋಗುತ್ತವೆ. ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ಮಾಡಲು ಕಲ್ಲಿದ್ದಲು ಕಾಯಿಸುವ ಒಲೆಗಳ ಹತ್ತಿರ ದುಡಿಯುವವರಲ್ಲೂ ಅದೇ ಕಂಡಿದೆ. ಗಾಳಿ ಅಳೆಯುವ ಯಂತ್ರಕ್ಕೆ ಚರ್ಮದ ದಾರಿ ಗೊತ್ತೇ ಆಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಜನರನ್ನು ಅಳೆಯಿರಿ.

ನಮ್ಮ ಅಡುಗೆಮನೆಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆ ಕಡಿಮೆ ಮಾಡುವ ಅಸ್ತ್ರ ಸೌದೆ ಒಲೆ ಮಾಡಿದರು, 2016ರಲ್ಲಿ ಉಜ್ವಲಾ ಗ್ಯಾಸ್ ಬಂತು. ಒಳ್ಳೆಯದೇ. ಆದರೆ ಸಿಲಿಂಡರ್ ಮೂಲೆಯಲ್ಲಿಟ್ಟು ಸೌದೆ ಒಲೆಯಲ್ಲೇ ಮುದ್ದೆ ತಿರುವುವ ಮನೆಗಳು ನಿಮಗೂ ಗೊತ್ತು. ಎಷ್ಟು ಕನೆಕ್ಷನ್ ಕೊಟ್ಟೆವು ಅನ್ನುವ ಲೆಕ್ಕ ಸುಮ್ನೆ ಕಾಗದದ ಲೆಕ್ಕ. ಊದುಗೊಳವೆ ಹಿಡಿದ ಅಮ್ಮನ ಮೈಗೆ ಹೊಗೆ ಕಡಿಮೆಯಾಯಿತಾ? ಅದು ಅವರ ಮೂತ್ರದಲ್ಲಿ ಕಾಣುತ್ತದೆ. ಡಾಂಬರು ಹಾಕುವವರ ವಿಷಯವೂ ಇದೇ.

ಚೀಟಿ ಬಂತು, ಮುಗಿಸುತ್ತೇನೆ. ಕ್ರಿಯಾಟಿನಿನ್, ಅಂದರೆ ಸ್ನಾಯುಗಳಿಂದ ಹುಟ್ಟಿ ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ, ಅದರ ವಿಷಯ ವಿವರವಾಗಿ ಹೇಳಬೇಕಿತ್ತು, ಒಂದೇ ಮಾತು: ನೀರು ಜಾಸ್ತಿ ಕುಡಿದವರ ಮೂತ್ರ ತೆಳುವಾಗಿರುತ್ತದೆ, ಅದಕ್ಕೆ ಕ್ರಿಯಾಟಿನಿನ್ನನ್ನೂ ಅಳೆದು ಲೆಕ್ಕ ಸರಿಹೊಂದಿಸಬೇಕು. ಬೀಡಿ, ಸಿಗರೇಟು, ಸುಟ್ಟ ಮಾಂಸದಿಂದಲೂ ಪೈರೀನ್ ಮೈಗೆ ಸೇರುತ್ತದೆ, ಅದನ್ನೂ ಕೇಳಿ ಬರೆದುಕೊಳ್ಳಿ. ಈ ಗುರುತು ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ, ಹಾಗಾಗಿ ಕಾರ್ಮಿಕರ ಸ್ಯಾಂಪಲ್ ರಜೆಯ ಮರುದಿನ ಬೆಳಿಗ್ಗೆ ಒಂದು, ವಾರದ ಕೊನೆಯ ಶಿಫ್ಟ್ ಮುಗಿದಾಗ ಇನ್ನೊಂದು ತೆಗೆದುಕೊಳ್ಳಿ. ಪ್ರಶ್ನೆ ಇದ್ದವರು ಹೊರಗೆ ಸಿಗಿ, ಅಲ್ಲೇ ಇರುತ್ತೇನೆ.